ಅಡ್ಡಗಾಳಿಯಲ್ಲಿ ಪುಟ್ಟ ವಿಮಾನ ನೆಲ ಮುಟ್ಟುವ ಬಗೆ

2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಕರಾವಳಿಗೆ ಹತ್ತಿರವಾಗುತ್ತಿದ್ದ ಹೊತ್ತಿನಲ್ಲಿ ಚೆನ್ನೈನಲ್ಲಿ ಇಳಿಯಲು ಬಂದ ಪ್ರಯಾಣಿಕ ವಿಮಾನವೊಂದು ರನ್‌ವೇಗೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಪಕ್ಕಕ್ಕೆ ವಾಲಿ, ಮರುಕ್ಷಣವೇ ಮೇಲಕ್ಕೇರಿ ಹೋಯಿತು. ಆ ದೃಶ್ಯ ದೇಶದ ತುಂಬ ಮೊಬೈಲ್‌ಗಳಲ್ಲಿ ಹರಿದಾಡಿತು. ಜೋರು ಗಾಳಿಯ ದಿನಗಳಲ್ಲಿ ಇಂಥ ವಿಡಿಯೊಗಳು ಮತ್ತೆ ಮತ್ತೆ ಬರುತ್ತವೆ. ವಿಮಾನದ ಮೂತಿ ಒಂದು ಕಡೆಗಿರುತ್ತದೆ, ಅದು ಸಾಗುತ್ತಿರುವುದು ಇನ್ನೊಂದು ಕಡೆಗೆ. ನೋಡುವವರ ಎದೆ ಝಲ್ಲೆನ್ನುತ್ತದೆ. ವಿಮಾನ ಹತೋಟಿ ತಪ್ಪಿದೆಯೇ? ಒಳಗೆ ಪೈಲಟ್ ಏನು ಮಾಡುತ್ತಿದ್ದಾರೆ?

ಹತೋಟಿ ತಪ್ಪಿರುವುದಿಲ್ಲ. ಓರೆಯಾಗಿ ಬರುವುದು ಬೇಕೆಂದೇ ಮಾಡುವ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಜೆಟ್‌ಗಿಂತ ನಾಲ್ಕು ಸೀಟಿನ ಪುಟ್ಟ ವಿಮಾನ ಒಳ್ಳೆಯದು. ಪೈಲಟ್‌ಗಳು ಈ ವಿದ್ಯೆಯ ಮೊದಲ ಪಾಠ ಕಲಿಯುವುದು ಅಂಥ ತರಬೇತಿ ವಿಮಾನದಲ್ಲಿ. ಅಷ್ಟೇ ಅಲ್ಲ, ಗಾಳಿ ಅತಿಯಾಗಿ ಕಾಡುವುದೂ ಅದನ್ನೇ. ಜಗತ್ತಿನಾದ್ಯಂತ ತರಬೇತಿಗೆ ಬಳಸುವ ಸೆಸ್ನಾ 172 ವಿಮಾನ ಪೂರ್ತಿ ತುಂಬಿದಾಗಲೂ 1,200 ಕಿಲೋ ದಾಟುವುದಿಲ್ಲ. ಇಳಿಯಲು ಬರುವಾಗ ಅದರ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್. ಜೆಟ್ ಅದರ ಎರಡು ಪಟ್ಟು ವೇಗದಲ್ಲಿ ಬರುತ್ತದೆ. ಗಾಳಿ ಇಬ್ಬರಿಗೂ ಒಂದೇ, ಆದರೆ ಪುಟ್ಟ ವಿಮಾನದ ವೇಗಕ್ಕೆ ಹೋಲಿಸಿದರೆ ಅದರ ಪಾಲು ಬಹಳ ದೊಡ್ಡದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಅಡ್ಡಗಾಳಿ ಪೈಲಟ್‌ಗೆ ಎರಡು ಬೇರೆ ಬೇರೆ ಕೆಲಸಗಳನ್ನು ಕೊಡುತ್ತದೆ. ವಿಮಾನ ರನ್‌ವೇಯಿಂದ ಪಕ್ಕಕ್ಕೆ ಸರಿಯದಂತೆ ತಡೆಯುವುದು ಒಂದು. ಚಕ್ರ ನೆಲ ಮುಟ್ಟುವ ಕ್ಷಣದಲ್ಲಿ ಮೂತಿ ರನ್‌ವೇಯ ನೇರಕ್ಕೆ ಇರುವಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನ್ನು ಒಂದೇ ಎಂದುಕೊಂಡು ಒಂದೇ ಚಾಲನೆಯಿಂದ ಸರಿಪಡಿಸಲು ಹೋದಾಗಲೇ ಹೊಸಬರು ಗೊಂದಲಕ್ಕೆ ಬೀಳುವುದು.

ಗಾಳಿ ಎತ್ತಣಿಂದ, ಎಷ್ಟು?

ರನ್‌ವೇಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ ದಿಕ್ಸೂಚಿಯ ದಿಕ್ಕನ್ನು ಹೇಳುತ್ತದೆ, ಕೊನೆಯ ಸೊನ್ನೆಯನ್ನು ಬಿಟ್ಟಿರುತ್ತಾರೆ. ಸ್ವಾತಂತ್ರ್ಯದ ಹೊಸದರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾದ ಬೆಂಗಳೂರಿನ ಜಕ್ಕೂರಿನಲ್ಲಿ ಒಂದೇ ರನ್‌ವೇ ಇದೆ. ಅದರ ಒಂದು ತುದಿ 08, ಇನ್ನೊಂದು 26. ಪೂರ್ವದ ಕಡೆಗೆ ಮುಖ ಮಾಡಿ ಇಳಿದರೆ 80 ಡಿಗ್ರಿ, ಪಶ್ಚಿಮದ ಕಡೆಗೆ ಇಳಿದರೆ 260 ಡಿಗ್ರಿ.

ಗಾಳಿಯ ದಿಕ್ಕನ್ನು ಅದು ಎಲ್ಲಿಂದ ಬರುತ್ತದೆ ಎಂಬುದರಿಂದ ಹೇಳುತ್ತಾರೆ. ಮುಂಗಾರಿನ ಒಂದು ದಿನ 240 ಡಿಗ್ರಿಯಿಂದ 20 ನಾಟ್ ಗಾಳಿ ಇದೆ ಎನ್ನೋಣ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್, ಹಾಗಾಗಿ ಇದು ಗಂಟೆಗೆ 37 ಕಿಲೋಮೀಟರ್ ವೇಗದ ಗಾಳಿ. ರನ್‌ವೇ 26ಕ್ಕೂ ಈ ಗಾಳಿಗೂ ನಡುವಿನ ಕೋನ 20 ಡಿಗ್ರಿ ಮಾತ್ರ. ಗಾಳಿಯ ಹೆಚ್ಚಿನ ಪಾಲು ಎದುರಿನಿಂದ ಬರುತ್ತದೆ, ಅದು ಒಳ್ಳೆಯದೇ, ಏಕೆಂದರೆ ನೆಲದ ಮೇಲಿನ ಓಟವನ್ನು ಅದು ಕಡಿಮೆ ಮಾಡುತ್ತದೆ. ಅಡ್ಡಲಾಗಿ ಬರುವ ಪಾಲು ಸುಮಾರು 7 ನಾಟ್. ಅದೇ 20 ನಾಟ್ ಗಾಳಿ 200 ಡಿಗ್ರಿಯಿಂದ ಬೀಸಿದರೆ ಕೋನ 60 ಡಿಗ್ರಿಯಾಗಿ, ಅಡ್ಡಪಾಲು 17 ನಾಟ್‌ಗೆ ಏರುತ್ತದೆ. ಗಾಳಿಯ ಒಟ್ಟು ವೇಗ ಬದಲಾಗಿಲ್ಲ, ಪೈಲಟ್‌ನ ದಿನ ಪೂರ್ತಿ ಬದಲಾಗಿದೆ.

ಈ ಲೆಕ್ಕ ತ್ರಿಕೋನಮಿತಿಯದು. ಗಾಳಿಯ ವೇಗವನ್ನು ಕೋನದ ಸೈನ್‌ನಿಂದ ಗುಣಿಸಿದರೆ ಅಡ್ಡಪಾಲು ಸಿಗುತ್ತದೆ. ಹಾರಾಡುವಾಗ ಯಾರೂ ಸೈನ್ ಕೋಷ್ಟಕ ತೆರೆಯುವುದಿಲ್ಲ, ಗಡಿಯಾರದ ಮುಖವನ್ನು ನೆನಪಿಸಿಕೊಳ್ಳುತ್ತಾರೆ. ಕೋನ 15 ಡಿಗ್ರಿ ಇದ್ದರೆ ಕಾಲು ಗಂಟೆ, ಹಾಗಾಗಿ ಗಾಳಿಯ ಕಾಲು ಪಾಲು ಅಡ್ಡಗಾಳಿ. 30 ಡಿಗ್ರಿಗೆ ಅರ್ಧ, 45ಕ್ಕೆ ಮುಕ್ಕಾಲು, 60 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ. ನಿಖರವಾದ ಉತ್ತರಕ್ಕೆ ಇದು ಸಾಕಷ್ಟು ಹತ್ತಿರ, ತಪ್ಪುವುದಿದ್ದರೂ ಹೆಚ್ಚಾಗಿ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಆಕಾಶದಲ್ಲಿ ಗಾಳಿ ವಿಮಾನಕ್ಕೆ ಬಡಿಯುವುದಿಲ್ಲ

ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಅಡ್ಡಗಾಳಿ ವಿಮಾನದ ಪಕ್ಕೆಗೆ ಬಡಿದು ಅದನ್ನು ತಳ್ಳುತ್ತದೆ ಎಂದು ನಾವು ಭಾವಿಸುತ್ತೇವೆ. ನೆಲದ ಮೇಲೆ ನಿಂತವರಿಗೆ ಗಾಳಿ ಹಾಗೆಯೇ ಅನುಭವಕ್ಕೆ ಬರುವುದರಿಂದ ಇದು ಸಹಜ. ಹಾರುತ್ತಿರುವ ವಿಮಾನಕ್ಕೆ ನೆಲದ ಆಸರೆ ಇಲ್ಲ. ಅದು ಗಾಳಿಯೊಳಗೇ ಇದೆ, ಗಾಳಿಯ ಜೊತೆಗೇ ಸರಿಯುತ್ತದೆ. ಗಾಳಿ ಒಂದೇ ಸಮನಾಗಿ ಬೀಸುತ್ತಿದ್ದರೆ ಕಣ್ಣುಮುಚ್ಚಿ ಕುಳಿತ ಪ್ರಯಾಣಿಕರಿಗೆ ಅಡ್ಡಗಾಳಿ ಇದೆಯೆಂದು ತಿಳಿಯುವುದೇ ಇಲ್ಲ.

ತುಂಬಿ ಹರಿಯುವ ಹೊಳೆಯನ್ನು ದಾಟಿಸುವ ಅಂಬಿಗನನ್ನು ನೆನೆಯಿರಿ. ಎದುರು ದಡದ ಕಡವಿಗೆ ನೇರವಾಗಿ ಗುರಿಯಿಟ್ಟು ಹುಟ್ಟು ಹಾಕಿದರೆ ದೋಣಿ ಎಲ್ಲೋ ಕೆಳಗೆ ಹೋಗಿ ಸೇರುತ್ತದೆ. ಅವನು ಮೂತಿಯನ್ನು ಹರಿವಿಗೆ ಎದುರಾಗಿ ತುಸು ಮೇಲಕ್ಕೆ ತಿರುಗಿಸುತ್ತಾನೆ. ದಡದಲ್ಲಿ ನಿಂತವರಿಗೆ ದೋಣಿ ಓರೆಯಾಗಿ ಕಾಣುತ್ತದೆ, ಆದರೆ ಅದು ಬರುವುದು ನೆಟ್ಟಗೆ ಕಡವಿಗೇ.

ಮೊದಲ ವಿಧಾನ: ಕ್ರ್ಯಾಬ್

ವಿಮಾನದಲ್ಲಿ ಇದಕ್ಕೇ ಕ್ರ್ಯಾಬ್ ಎನ್ನುತ್ತಾರೆ. ಗಾಳಿ ಎಡದಿಂದ ಬರುತ್ತಿದ್ದರೆ ಪೈಲಟ್ ಮೂತಿಯನ್ನು ಎಡಕ್ಕೆ ತಿರುಗಿಸಿ, ರೆಕ್ಕೆಗಳನ್ನು ಸಮವಾಗಿಟ್ಟುಕೊಂಡು ಬರುತ್ತಾರೆ. ಎಷ್ಟು ತಿರುಗಿಸಬೇಕು? 65 ನಾಟ್ ವೇಗದಲ್ಲಿ ಬರುವ ವಿಮಾನಕ್ಕೆ 15 ನಾಟ್ ಅಡ್ಡಗಾಳಿ ಇದ್ದರೆ ಸುಮಾರು 13 ಡಿಗ್ರಿ. ಈ ಸಂಖ್ಯೆಯನ್ನು ಯಾರೂ ಅಳೆದು ಹಿಡಿಯುವುದಿಲ್ಲ. ರನ್‌ವೇಯ ನಡುಗೆರೆ ಗಾಜಿನಲ್ಲಿ ಒಂದೇ ಕಡೆ ಕದಲದೆ ನಿಂತಿದ್ದರೆ ಕೋನ ಸರಿಯಾಗಿದೆ. ಅದು ಮೆಲ್ಲಗೆ ಜಾರುತ್ತಿದ್ದರೆ ಸಾಲದು ಅಥವಾ ಹೆಚ್ಚಾಗಿದೆ.

ಕ್ರ್ಯಾಬ್ ಹಾರಾಟ ಸುಖವಾದದ್ದು. ಪ್ರಯಾಣಿಕರು ಪಕ್ಕಕ್ಕೆ ವಾಲುವುದಿಲ್ಲ, ಎಂಜಿನ್‌ಗೆ ಹೆಚ್ಚಿನ ಹೊರೆ ಇಲ್ಲ. ಆದರೆ ಅದು ಮೊದಲನೆಯ ಕೆಲಸವನ್ನು ಮಾತ್ರ ಮಾಡುತ್ತದೆ. ವಿಮಾನ ಪಕ್ಕಕ್ಕೆ ಸರಿಯುವುದು ನಿಂತಿದೆ, ಮೂತಿ ಮಾತ್ರ ಇನ್ನೂ ಓರೆಯಾಗಿದೆ. ಹಾಗೆಯೇ ನೆಲ ಮುಟ್ಟಿದರೆ ಚಕ್ರಗಳು ಒಂದು ದಿಕ್ಕಿಗೆ ಉರುಳಲು ನೋಡುತ್ತವೆ, ವಿಮಾನದ ಭಾರ ಇನ್ನೊಂದು ದಿಕ್ಕಿಗೆ ಸಾಗುತ್ತಿರುತ್ತದೆ. ಟೈರ್ ಕಿರುಚುತ್ತದೆ, ಚಕ್ರದ ಕಾಲಿನ ಮೇಲೆ ಪಕ್ಕದಿಂದ ಭಾರಿ ಒತ್ತಡ ಬೀಳುತ್ತದೆ. ಮೂತಿಯ ಕೆಳಗೆ ಚಕ್ರವಿರುವ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದೆ ಇರುವುದರಿಂದ ವಿಮಾನ ತಾನೇ ನೇರವಾಗಲು ಒಲಿಯುತ್ತದೆ. ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೆಯ ಬಗೆಯ ವಿಮಾನಗಳಲ್ಲಿ ಭಾರದ ಕೇಂದ್ರ ಹಿಂದಿದೆ. ಅಲ್ಲಿ ಓರೆ ಹೆಚ್ಚುತ್ತಲೇ ಹೋಗಿ, ವಿಮಾನ ರನ್‌ವೇಯ ಮೇಲೆಯೇ ಗಿರಕಿ ಹೊಡೆಯಬಹುದು.

ಓರೆಯಾಗಿಯೇ ಇಳಿಯುವಂತೆ ಕಟ್ಟಿದ ವಿಮಾನಗಳೂ ಇವೆ. ಫ್ರೆಡ್ ವೀಕ್ ಎಂಬ ಅಮೆರಿಕದ ಎಂಜಿನಿಯರ್ ವಿನ್ಯಾಸ ಮಾಡಿದ ಎರ್ಕೂಪ್ 1937ರಲ್ಲಿ ಮೊದಲು ಹಾರಿತು. ಅದರ ಮೂಲ ಮಾದರಿಯಲ್ಲಿ ಮೂತಿಯನ್ನು ಎಡ–ಬಲಕ್ಕೆ ತಿರುಗಿಸಲು ಕಾಲಿನಿಂದ ತುಳಿಯುವ ರಡ್ಡರ್ ಪೆಡಲ್‌ಗಳೇ ಇರಲಿಲ್ಲ. ಪಕ್ಕದ ಹೊಡೆತ ತಾಳುವ ಗಟ್ಟಿ ಚಕ್ರಗಳ ಮೇಲೆ ಅದು ಓರೆಯಾಗಿ ಇಳಿದು ತಾನೇ ನೇರವಾಗುತ್ತಿತ್ತು. ಭಾರಿ ಬಾಂಬರ್ ಬಿ-52ರಲ್ಲಿ ಚಕ್ರಗಳನ್ನೇ ರನ್‌ವೇಯ ನೇರಕ್ಕೆ ತಿರುಗಿಸಿಟ್ಟು, ಮೂತಿಯನ್ನು ಓರೆಯಾಗಿಯೇ ಬಿಟ್ಟು ಇಳಿಯುತ್ತಾರೆ. ಸಾಮಾನ್ಯ ತರಬೇತಿ ವಿಮಾನಕ್ಕೆ ಈ ಸೌಲಭ್ಯ ಇಲ್ಲ.

ಎರಡನೆಯದು: ಒಂದು ರೆಕ್ಕೆ ತಗ್ಗಿಸಿ ಬರುವುದು

ಇಲ್ಲಿ ವಿಮಾನದ ಎರಡು ಅಂಗಗಳ ಪರಿಚಯ ಬೇಕು. ರೆಕ್ಕೆಗಳ ಹಿಂಬದಿಯ ಅಂಚಿನಲ್ಲಿರುವ ಏಲೆರಾನ್ ಎಂಬ ಹಲಗೆಗಳು ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುತ್ತವೆ, ಅವುಗಳ ಹಿಡಿತ ಕೈಯಲ್ಲಿರುತ್ತದೆ. ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಂದಿರುವ ರಡ್ಡರ್ ಮೂತಿಯನ್ನು ಎಡ–ಬಲಕ್ಕೆ ತಿರುಗಿಸುತ್ತದೆ, ಅದರ ಹಿಡಿತ ಕಾಲಿನಲ್ಲಿ. ಮಾಮೂಲಿ ತಿರುವಿನಲ್ಲಿ ಕೈ ಮತ್ತು ಕಾಲು ಒಂದೇ ಕಡೆಗೆ ಕೆಲಸ ಮಾಡುತ್ತವೆ. ಎಡಕ್ಕೆ ತಿರುಗಬೇಕಾದರೆ ಎಡಕ್ಕೆ ವಾಲಿಸಿ, ಎಡ ಪೆಡಲ್ ತುಸು ತುಳಿಯಬೇಕು.

ಸೈಡ್‌ಸ್ಲಿಪ್ ಎನ್ನುವ ಎರಡನೆಯ ವಿಧಾನದಲ್ಲಿ ಅವು ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುತ್ತವೆ. ಎಡದಿಂದ ಗಾಳಿ ಇದೆ ಎಂದಿಟ್ಟುಕೊಳ್ಳಿ. ಪೈಲಟ್ ಎಡ ರೆಕ್ಕೆಯನ್ನು ತಗ್ಗಿಸುತ್ತಾರೆ. ರೆಕ್ಕೆಗಳು ಕೊಡುವ ಎತ್ತುಬಲ ಈಗ ತುಸು ಎಡಕ್ಕೆ ವಾಲಿ, ವಿಮಾನವನ್ನು ಗಾಳಿಯ ಕಡೆಗೆ ಎಳೆಯುತ್ತದೆ. ಬಲಕ್ಕೆ ಸರಿಸುವ ಗಾಳಿ, ಎಡಕ್ಕೆ ಎಳೆಯುವ ರೆಕ್ಕೆ, ಇವೆರಡೂ ಸರಿದೂಗಿದರೆ ವಿಮಾನ ನಡುಗೆರೆಯ ಮೇಲೆಯೇ ಉಳಿಯುತ್ತದೆ. ಆದರೆ ವಾಲಿದ ವಿಮಾನ ಸುಮ್ಮನಿರುವುದಿಲ್ಲ, ಎಡಕ್ಕೆ ತಿರುಗಲು ಹೊರಡುತ್ತದೆ. ಅದನ್ನು ತಡೆಯಲು ಬಲ ಪೆಡಲ್ ತುಳಿದು ಮೂತಿಯನ್ನು ರನ್‌ವೇಯ ನೇರಕ್ಕೆ ಹಿಡಿಯಬೇಕು.

ಎರಡು ಕೆಲಸಗಳು ಇಲ್ಲಿ ಸ್ಪಷ್ಟವಾಗಿ ಬೇರೆಯಾಗುತ್ತವೆ. ಪಕ್ಕಕ್ಕೆ ಸರಿಯದಂತೆ ನೋಡುವುದು ಕೈಯ ಕೆಲಸ, ಮೂತಿಯನ್ನು ನೇರವಾಗಿಡುವುದು ಕಾಲಿನ ಕೆಲಸ. ವಿಮಾನ ಬಲಕ್ಕೆ ಸರಿಯುತ್ತಿದೆಯೇ? ಎಡ ರೆಕ್ಕೆಯನ್ನು ಇನ್ನಷ್ಟು ತಗ್ಗಿಸಿ. ಮೂತಿ ಎಡಕ್ಕೆ ತಿರುಗಿತೇ? ಬಲಗಾಲು ಇನ್ನಷ್ಟು ಒತ್ತಿ. ಸರಿಯುವುದನ್ನು ರಡ್ಡರ್‌ನಿಂದ ತಡೆಯಲು ಹೋದರೆ ಮೂತಿ ಕೆಡುತ್ತದೆ, ಮೂತಿಯನ್ನು ಏಲೆರಾನ್‌ನಿಂದ ತಿದ್ದಲು ಹೋದರೆ ವಿಮಾನ ನಡುಗೆರೆ ಬಿಟ್ಟು ಜಾರುತ್ತದೆ. ನನ್ನ ಮಟ್ಟಿಗೆ ಅಡ್ಡಗಾಳಿಯ ಪಾಠದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ಇದಕ್ಕೆ ಬೆಲೆಯೂ ಇದೆ. ಸ್ಲಿಪ್‌ನಲ್ಲಿ ವಿಮಾನದ ಪಕ್ಕೆಗೆ ಗಾಳಿ ನಿಜವಾಗಿಯೂ ಓರೆಯಾಗಿ ತಾಗುತ್ತದೆ, ಎಳೆತ ಹೆಚ್ಚುತ್ತದೆ, ವಿಮಾನ ಬೇಗ ಕೆಳಗಿಳಿಯುತ್ತದೆ. ಎಂಜಿನ್‌ನ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿ ಅದನ್ನು ಸರಿದೂಗಿಸಬೇಕಾಗುತ್ತದೆ. ಬಹಳ ಹೊತ್ತು ಹೀಗೆ ವಾಲಿಕೊಂಡು ಬಂದರೆ ಪ್ರಯಾಣಿಕರಿಗೆ ಹಿತವೆನಿಸುವುದಿಲ್ಲ.

ಹಾಗಾಗಿ ಹೆಚ್ಚಿನವರು ಎರಡನ್ನೂ ಬೆರೆಸುತ್ತಾರೆ. ದೂರದಿಂದ ಕ್ರ್ಯಾಬ್‌ನಲ್ಲಿ ಬಂದು, ನೆಲ ಹತ್ತಿರವಾದಾಗ ಸ್ಲಿಪ್‌ಗೆ ಬದಲಾಯಿಸುತ್ತಾರೆ. ಕಲಿಯುವವರಿಗೆ ಬದಲಾವಣೆಯನ್ನು ತುಸು ಎತ್ತರದಲ್ಲೇ ಮಾಡಿಕೊಳ್ಳುವುದು ವಾಸಿ. ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಅದಕ್ಕೂ ಮಿಗಿಲಾಗಿ, ಗಾಳಿ ವಿಮಾನದ ಶಕ್ತಿಗೆ ಮೀರಿದೆಯೇ ಎಂಬುದು ಅಲ್ಲಿಯೇ ಗೊತ್ತಾಗಿಬಿಡುತ್ತದೆ.

ಕೊನೆಯ ಕೆಲವು ಸೆಕೆಂಡುಗಳು

ರನ್‌ವೇಯ ಅಂಚು ದಾಟಿದ ಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಗಾಳಿ ಎಡದಿಂದಲೇ ಇರಲಿ. ವಿಮಾನ ಕ್ರ್ಯಾಬ್‌ನಲ್ಲಿದೆ, ನಡುಗೆರೆ ಪೈಲಟ್‌ನ ಗಾಜಿನಲ್ಲಿ ಬಲಗಡೆ ಕಾಣುತ್ತಿದೆ. ಈಗ ಬಲಗಾಲು ನಿಧಾನವಾಗಿ ಪೆಡಲನ್ನು ಒತ್ತುತ್ತದೆ, ಮೂತಿ ಎಡದಿಂದ ನೇರಕ್ಕೆ ತಿರುಗುತ್ತದೆ. ತಿರುಗುವಾಗ ಎಡ ರೆಕ್ಕೆ ಗಾಳಿಯಲ್ಲಿ ಬಲ ರೆಕ್ಕೆಗಿಂತ ಹೆಚ್ಚು ವೇಗವಾಗಿ ಸಾಗುತ್ತದೆ. ವೇಗ ಹೆಚ್ಚಿದ ರೆಕ್ಕೆಗೆ ಎತ್ತುಬಲವೂ ಹೆಚ್ಚು, ಆದ್ದರಿಂದ ಅದು ಏಳಲು ನೋಡುತ್ತದೆ. ನಮಗೆ ಬೇಕಾದದ್ದು ಇದಕ್ಕೆ ವಿರುದ್ಧ. ಅದಕ್ಕಾಗಿಯೇ ಕಾಲು ಒತ್ತುವ ಅದೇ ಹೊತ್ತಿಗೆ ಕೈ ಎಡಕ್ಕೆ ತಿರುಗಿ ಆ ರೆಕ್ಕೆಯನ್ನು ತಗ್ಗಿಸಿ ಹಿಡಿಯಬೇಕು.

ಮೂತಿಯನ್ನು ಬೇಗ ನೇರ ಮಾಡಿ ರೆಕ್ಕೆ ತಗ್ಗಿಸಲು ಮರೆತರೆ ವಿಮಾನ ಬಲಕ್ಕೆ ತೇಲಿಹೋಗುತ್ತದೆ. ತಡ ಮಾಡಿದರೆ ಓರೆಯಾಗಿಯೇ ನೆಲ ತಾಗುತ್ತದೆ. ನೆಲಕ್ಕೆ ಹತ್ತಿರವಾದಂತೆ ಗಾಳಿಯ ವೇಗವೂ ಸಾಮಾನ್ಯವಾಗಿ ಇಳಿಯುತ್ತದೆ. ಮರ, ಕಟ್ಟಡ, ಹ್ಯಾಂಗರ್‌ಗಳು ಗಾಳಿ ಬರುವ ಬದಿಗಿದ್ದರೆ ಅದು ಸುಳಿಗಟ್ಟಿ ಬರುತ್ತದೆ. ಐವತ್ತು ಅಡಿ ಎತ್ತರದಲ್ಲಿ ಸರಿಯಾಗಿದ್ದ ವಾಲು ಹತ್ತು ಅಡಿಯಲ್ಲಿ ಹೆಚ್ಚೋ ಕಡಿಮೆಯೋ ಆಗಿರುತ್ತದೆ. ಕೈಕಾಲು ಒಂದೇ ಸಮನೆ ತಿದ್ದುತ್ತಲೇ ಇರಬೇಕು.

ಎಲ್ಲವೂ ಸರಿಯಾದರೆ ಮೊದಲು ನೆಲ ಮುಟ್ಟುವುದು ಎಡ ಚಕ್ರ ಮಾತ್ರ. ಒಂದೇ ಚಕ್ರದ ಮೇಲೆ ಇಳಿಯುವ ವಿಮಾನವನ್ನು ನೋಡಿ ಬೇಲಿಯಾಚೆ ನಿಂತವರು ಗಾಬರಿಯಾಗಬಹುದು, ಆದರೆ ಅದೇ ಸರಿಯಾದ ಇಳಿತ. ವೇಗ ಕಡಿಮೆಯಾದಂತೆ ಬಲ ಚಕ್ರ ಕೂರುತ್ತದೆ, ಕೊನೆಗೆ ಮೂತಿಯ ಚಕ್ರ. ಹಲವು ಪುಟ್ಟ ವಿಮಾನಗಳಲ್ಲಿ ಮೂತಿಯ ಚಕ್ರ ರಡ್ಡರ್ ಪೆಡಲ್‌ಗಳಿಗೇ ಜೋಡಣೆಯಾಗಿರುತ್ತದೆ. ಪೆಡಲ್ ಒತ್ತಿಯೇ ಇದ್ದರೆ ಆ ಚಕ್ರ ನೆಲ ತಾಗಿದ ಕೂಡಲೇ ವಿಮಾನ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಅದು ತಾಗುವ ಮುನ್ನ ಕಾಲನ್ನು ಸಡಿಲಿಸಿ ಪೆಡಲ್‌ಗಳನ್ನು ಸಮ ಮಾಡಬೇಕು.

ಚಕ್ರ ಕೂತ ಮೇಲೂ ಕೆಲಸ ಮುಗಿದಿಲ್ಲ

ಮೂರೂ ಚಕ್ರ ಕೂತ ತಕ್ಷಣ ಕೈ ಸಡಿಲಿಸುವುದು ಅಪಾಯ. ಈಗ ಗಾಳಿ ನಿಜಕ್ಕೂ ವಿಮಾನಕ್ಕೆ ಬಡಿಯುತ್ತದೆ, ಏಕೆಂದರೆ ಚಕ್ರಗಳು ನೆಲವನ್ನು ಹಿಡಿದುಕೊಂಡಿವೆ. ಬಾಲದ ಅಗಲವಾದ ನೆಟ್ಟನೆಯ ರೆಕ್ಕೆಯನ್ನು ಗಾಳಿ ತಳ್ಳಿದಾಗ ಮೂತಿ ಗಾಳಿ ಬರುವ ಕಡೆಗೆ ತಿರುಗಲು ಹವಣಿಸುತ್ತದೆ. ಅತ್ತ ಕಡೆಯ ರೆಕ್ಕೆ ಏಳಲೂ ನೋಡುತ್ತದೆ. ರಡ್ಡರ್‌ನಿಂದ ನೇರ ಹಿಡಿದು, ಏಲೆರಾನನ್ನು ಗಾಳಿಯ ಕಡೆಗೆ ಇನ್ನಷ್ಟು ತಿರುಗಿಸುತ್ತಾ ಹೋಗಬೇಕು. ವೇಗ ಇಳಿದಂತೆ ಏಲೆರಾನ್‌ನ ಪ್ರಭಾವ ತಗ್ಗುವುದರಿಂದ ಕೊನೆಗೆ ಅದು ಪೂರ್ತಿ ಎಡಕ್ಕೆ ತಿರುಗಿರುತ್ತದೆ.

ನಿಲುಗಡೆಗೆ ಉರುಳಿಸಿಕೊಂಡು ಹೋಗುವಾಗಲೂ ಇದೇ ಎಚ್ಚರ. ಗಾಳಿ ಎಡ ಮುಂದಿನಿಂದ ಬಂದರೆ ಕೈಯಲ್ಲಿರುವ ಚಾಲನೆಯ ಹಿಡಿ ಎಡಕ್ಕೆ. ಎಡ ಹಿಂದಿನಿಂದ ಬಂದರೆ ಹಿಡಿಯನ್ನು ಬಲಕ್ಕೆ ತಿರುಗಿಸಿ ಮುಂದಕ್ಕೆ ಒತ್ತಬೇಕು, ಗಾಳಿ ಬಾಲವನ್ನು ಎತ್ತದಿರಲಿ ಎಂದು. ಸೆಸ್ನಾದಂತೆ ರೆಕ್ಕೆ ತಲೆಯ ಮೇಲಿರುವ ಹಗುರ ವಿಮಾನಗಳಿಗೆ ಇದು ಹೆಚ್ಚು ಅನ್ವಯ.

ಬೀಸು, ಫ್ಲ್ಯಾಪ್, ವೇಗ

ಒಂದೇ ಸಮನಾದ 15 ನಾಟ್ ಗಾಳಿಗಿಂತ 10ಕ್ಕೂ 20ಕ್ಕೂ ನಡುವೆ ಏರಿಳಿಯುವ ಗಾಳಿ ಕಷ್ಟ. ಬೀಸು, ಅಂದರೆ ಕ್ಷಣಕಾಲ ಜೋರಾಗುವ ಗಾಳಿ, ಥಟ್ಟನೆ ತಗ್ಗಿದರೆ ರೆಕ್ಕೆಯ ಮೇಲಿನ ಗಾಳಿಯ ವೇಗವೂ ತಗ್ಗಿ ವಿಮಾನ ಧೊಪ್ಪನೆ ಇಳಿಯಬಹುದು. ಅದಕ್ಕೆ ಬಳಕೆಯಲ್ಲಿರುವ ಪರಿಹಾರ ಸರಳ. ಗಾಳಿಯ ಸಾಮಾನ್ಯ ವೇಗಕ್ಕೂ ಬೀಸಿನ ವೇಗಕ್ಕೂ ಇರುವ ವ್ಯತ್ಯಾಸದ ಅರ್ಧವನ್ನು ಇಳಿಯುವ ವೇಗಕ್ಕೆ ಸೇರಿಸುತ್ತಾರೆ. ಗಾಳಿ 15, ಬೀಸು 25 ಇದ್ದರೆ 65ರ ಬದಲು 70 ನಾಟ್. ಇದಕ್ಕಿಂತ ಹೆಚ್ಚು ಸೇರಿಸಿದರೆ ವಿಮಾನ ನೆಲ ಮುಟ್ಟದೆ ತೇಲುತ್ತಾ ಹೋಗಿ, ಆ ಹೊತ್ತಿನಲ್ಲಿ ಮತ್ತೆ ಪಕ್ಕಕ್ಕೆ ಸರಿಯುತ್ತದೆ.

ನಿಧಾನವಾಗಿ ಹಾರಲು ನೆರವಾಗುವ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹಲಗೆಗಳನ್ನು ಜೋರು ಅಡ್ಡಗಾಳಿಯಲ್ಲಿ ಪೂರ್ತಿ ಇಳಿಸುವುದಿಲ್ಲ. ರನ್‌ವೇಯ ಉದ್ದಕ್ಕೆ ಬೇಕಾದಷ್ಟು ಮಾತ್ರ ಇಳಿಸಿ ಎಂಬುದು ಸೆಸ್ನಾ 172ರ ಕೈಪಿಡಿಯ ಸಲಹೆ.

ಮಿತಿ ಎಲ್ಲಿದೆ?

ಕೈಪಿಡಿಯಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ. ಸೆಸ್ನಾ 172ಕ್ಕೆ 15 ನಾಟ್, ಅದರ ಚಿಕ್ಕ ಸೋದರ 152ಕ್ಕೆ 12, ಪೈಪರ್ ಆರ್ಚರ್‌ಗೆ 17. ಇದು ಪರೀಕ್ಷಾ ಹಾರಾಟದಲ್ಲಿ ವಿಮಾನ ಇಳಿದು ತೋರಿಸಿದ ಅತಿ ಹೆಚ್ಚಿನ ಅಡ್ಡಗಾಳಿ. ಅಮೆರಿಕದ ಹಳೆಯ ನಿಯಮದಂತೆ, ಇಳಿಯುವ ಸ್ಥಿತಿಯಲ್ಲಿ ವಿಮಾನ ಹಾರಬಲ್ಲ ಅತಿ ಕಡಿಮೆ ವೇಗದ ಐದನೇ ಒಂದು ಪಾಲಿನಷ್ಟು ಅಡ್ಡಗಾಳಿಯನ್ನಾದರೂ ಪುಟ್ಟ ವಿಮಾನ ತಾಳಬೇಕಿತ್ತು. ತೋರಿಸಿದ ಸಂಖ್ಯೆ ಅದಕ್ಕಿಂತ ಹೆಚ್ಚಿರಬಹುದು, ಆದರೆ ಅದನ್ನು ಮೀರಿದ ಕೂಡಲೇ ವಿಮಾನ ಸೋಲುತ್ತದೆ ಎಂದೇನಲ್ಲ. ಹಾಗೆಂದು ಅದು ಮೀರಲು ಪರವಾನಗಿಯೂ ಅಲ್ಲ. ಪರೀಕ್ಷಾ ಪೈಲಟ್‌ನ ಕೈಚಳಕ ಹೊಸ ವಿದ್ಯಾರ್ಥಿಗೆ ಇರುವುದಿಲ್ಲ, ಆದ್ದರಿಂದ ತರಬೇತಿ ಶಾಲೆಗಳು ವಿದ್ಯಾರ್ಥಿಗಳಿಗೆ ಇದಕ್ಕಿಂತ ಬಹಳ ಕಡಿಮೆ ಮಿತಿಯನ್ನು ಹಾಕುವುದು ವಾಡಿಕೆ.

ನಿಜವಾದ ಮಿತಿಯನ್ನು ರಡ್ಡರ್ ಹೇಳುತ್ತದೆ. ನಡುಗೆರೆಯ ಮೇಲೆ ಉಳಿಯುವಷ್ಟು ರೆಕ್ಕೆ ತಗ್ಗಿಸಿ, ಪೆಡಲ್ ಪೂರ್ತಿ ಒತ್ತಿದರೂ ಮೂತಿ ನೇರಕ್ಕೆ ಬರುವುದಿಲ್ಲ ಎಂದಾದರೆ ಈ ರನ್‌ವೇ, ಈ ಗಾಳಿ, ಈ ವಿಮಾನಕ್ಕೆ ಹೊಂದುವುದಿಲ್ಲ. ಆಗ ಮಾಡಬೇಕಾದದ್ದು ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲಕ್ಕೇರುವುದು. ಇದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಇದು ಇಳಿಯುವ ವಿಧಾನದ ಒಂದು ಭಾಗವೇ ಹೊರತು ಸೋಲಲ್ಲ. ಮೇಲೇರಿದ ಪೈಲಟ್ ಗಾಳಿ ತಗ್ಗುವವರೆಗೆ ಸುತ್ತು ಹೊಡೆಯಬಹುದು, ಗಾಳಿಗೆ ಎದುರಾದ ಬೇರೆ ರನ್‌ವೇ ಹುಡುಕಬಹುದು, ಬೇರೆ ಊರಿಗೆ ಹೋಗಬಹುದು. ಜಕ್ಕೂರಿನಂತೆ ಒಂದೇ ರನ್‌ವೇ ಇರುವ ಕಡೆ ಎರಡನೆಯ ದಾರಿ ಇಲ್ಲ. ಇನ್ನೊಂದು ನಿಲ್ದಾಣ ತಲುಪುವಷ್ಟು ಇಂಧನವನ್ನು ಹೊರಡುವಾಗಲೇ ತುಂಬಿಕೊಂಡಿರಬೇಕು.

ರನ್‌ವೇ ಬದಲಿಸಿದರೆ ಎಷ್ಟು ಅನುಕೂಲ ಎಂಬುದಕ್ಕೆ ದೊಡ್ಡ ವಿಮಾನದ ಒಂದು ಉದಾಹರಣೆ ಕಣ್ಣಿಗೆ ಕಟ್ಟುವಂತಿದೆ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಎಮ್ಮಾ ಬಿರುಗಾಳಿಯ ನಡುವೆ ಏರ್‌ಬಸ್ ಎ320 ಒಂದು ರನ್‌ವೇ 23ರಲ್ಲಿ ಇಳಿಯಲು ಬಂತು. ಟವರ್ ತಿಳಿಸಿದ ಗಾಳಿ 300 ಡಿಗ್ರಿಯಿಂದ 33 ನಾಟ್, ಬೀಸು 47. ರನ್‌ವೇ 230 ಡಿಗ್ರಿ, ಹಾಗಾಗಿ ಕೋನ 70. ಬೀಸಿನಲ್ಲಿ ಅಡ್ಡಪಾಲು ಸುಮಾರು 44 ನಾಟ್. ಆ ಮಾದರಿಗೆ ಪರೀಕ್ಷೆಯಲ್ಲಿ ತೋರಿಸಿದ ಸಂಖ್ಯೆ 33, ಬೀಸಿನಲ್ಲಿ 38. ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ತಕ್ಷಣ ಮೇಲೇರಿದರು, ಯಾರಿಗೂ ಗಾಯವಾಗಲಿಲ್ಲ. ತೋರಿಸಿದ ಸಂಖ್ಯೆಯ ಅರ್ಥವನ್ನು ಪೈಲಟ್‌ಗಳು ಒಂದೇ ರೀತಿ ತಿಳಿದುಕೊಂಡಿಲ್ಲ ಎಂಬ ಅಂಶವನ್ನು ಜರ್ಮನಿಯ ಅಪಘಾತ ತನಿಖಾ ಸಂಸ್ಥೆ ಆನಂತರ ಎತ್ತಿ ಹೇಳಿತು. ಎರಡನೆಯ ಸಲ ಅವರು ಬಂದದ್ದು ರನ್‌ವೇ 33ಕ್ಕೆ. ಗಾಳಿ 300 ಡಿಗ್ರಿಯಿಂದಲೇ ಬೀಸುತ್ತಿದ್ದರೆ ಅಲ್ಲಿ ಕೋನ 30 ಡಿಗ್ರಿ ಮಾತ್ರ, ಅಡ್ಡಪಾಲು ಗಾಳಿಯ ಅರ್ಧ. ವಿಮಾನ ಕ್ಷೇಮವಾಗಿ ಇಳಿಯಿತು.